ಕೂಸಿನ ಕೆಂಪು

ನನ್ನ ಮಗಳು ಹುಟ್ಟುವಾಗಲೇ ಕೆಂಪಗಿದ್ದಳು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದ ಬಾಣಂತಿಯರೂ ಎದ್ದು ಬಂದು ನೋಡಿದರು. ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಕರಿ ಸೊಸೆ ಅನ್ನಿಸಿಕೊಂಡವಳು ನಾನು. ಅವರು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, "ಸದ್ಯ, ನಿನ್ನ ಬಣ್ಣ ಬರ್ಲಿಲ್ಲ ಕಣಮ್ಮ," ಎಂದರು. ಮೈ ಉರಿಯಬೇಕಿತ್ತು. ಉಬ್ಬಿಹೋದೆ.

ಮಾರನೆಯ ಬೆಳಿಗ್ಗೆಯಿಂದ ಕೂಸು ಸರಿಯಾಗಿ ಮೊಲೆ ಹಿಡಿಯಲಿಲ್ಲ. ಎರಡು ಗುಟುಕು ಚೀಪಿ ನಿದ್ದೆಗೆ ಜಾರುತ್ತಿದ್ದಳು. ಅಂಗಾಲು ಕೆರೆದರೂ ಅಳು ಇಲ್ಲ. "ಎಷ್ಟು ಜಾಣೆ, ಅಳೋದೇ ಇಲ್ಲ," ಎಂದರು ಅತ್ತೆ. ನರ್ಸ್ ಬಂದು ಹಾಲು ಕುಡೀತಾ ಎಂದು ಕೇಳಿದಾಗ ಹೂಂ ಅಂದುಬಿಟ್ಟೆ. ಇಲ್ಲ ಅಂದರೆ ಇಷ್ಟು ಚೆಂದದ ಕೂಸಿನಲ್ಲೂ ನಾನೇ ಒಂದು ಕುಂದು ಹುಡುಕಿಕೊಟ್ಟಂತಾಗುತ್ತದಲ್ಲ. ಆ ಹೂಂ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ನನ್ನ ಅಪ್ಪ ಬಂದರು. ಜೀವಮಾನವಿಡೀ ಸೀರೆಯ ನೂಲಿಗೆ ಬಣ್ಣ ಹಾಕಿದ ಮನುಷ್ಯ. ಯಾವ ಬಣ್ಣವನ್ನೂ ಬಿಸಿಲಿಗೆ ಹಿಡಿಯದೆ ಒಪ್ಪುವವರಲ್ಲ. ಕೂಸನ್ನು ಕಿಟಕಿಯ ಹತ್ತಿರ ಎತ್ತಿಕೊಂಡು ಹೋಗಿ ಉಗುರು ನೋಡಿದರು, ಪಾದ ನೋಡಿದರು.

"ಇದು ಕೆಂಪಲ್ಲ ಕಣಮ್ಮ. ನೇರಳೆಗೆ ತಿರುಗೈತೆ."

"ಬಿಡ್ತು ಅನ್ನಿ ಬೀಗ್ರೇ," ಎಂದರು ಅತ್ತೆ.

ಅಪ್ಪ ಕೂಸಿನ ಸಮೇತ ಡಾಕ್ಟರ ಕೋಣೆಗೆ ನಡೆದೇಬಿಟ್ಟರು. ನಾನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಹಿಂದೆ ಹೋದೆ.

ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ಕೂತ್ಕೊಳ್ಳಿ ಅಂದರು. "ಮಗು ಮೈಯಲ್ಲಿ ಕೆಂಪು ರಕ್ತಕಣ ಜಾಸ್ತಿ ಆಗಿದೆ. ರಕ್ತ ಮಂದವಾಗಿ ಸರಿಯಾಗಿ ಹರೀತಿಲ್ಲ. ಸಕ್ಕರೆನೂ ಇಳಿದಿದೆ. ಹೊಕ್ಕುಳಿಂದ ಸ್ವಲ್ಪಸ್ವಲ್ಪವೇ ರಕ್ತ ತೆಗೆದು, ಅಷ್ಟೇ ಸಲೈನ್ ಹಾಕಿ ತೆಳು ಮಾಡ್ತೀವಿ. ಹಾಲು ಯಾವಾಗಿಂದ ಕುಡೀತಿಲ್ಲ?"

"ಬೆಳಿಗ್ಗೆಯಿಂದ," ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನನ್ನೇ ನೋಡಿದರು.

ಕೂಸನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಮೊಳದುದ್ದದ ಜೀವ, ಅದರಿಂದ ರಕ್ತ ತೆಗೆಯುತ್ತಾರಂತೆ. ಅಷ್ಟು ಭಯ ನಾನು ಯಾವತ್ತೂ ಪಟ್ಟಿಲ್ಲ. ಮನೆದೇವರ ಹೆಸರೂ ನೆನಪಿಗೆ ಬರಲಿಲ್ಲ. ಕಪ್ಪಗಿರಲಿ, ಇದ್ದಲಿನಂತಿರಲಿ, ಒಂದು ಸಲ ಅತ್ತರೆ ಸಾಕು ಎಂದು ಗೋಡೆಗೆ ಹೇಳುತ್ತಿದ್ದೆ. ಅತ್ತೆ ಸೆರಗಿನ ತುದಿ ಕಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದರು.

ಸಂಜೆಗೆ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಸೂರು ಕಿತ್ತುಹೋಗುವ ಹಾಗೆ.

ಮೂರನೆಯ ದಿನ ಮೊಲೆ ಹಿಡಿದಳು. ಕೆಂಪು ಇಳಿದಿತ್ತು, ಕಿವಿಯ ಅಂಚಿನಲ್ಲಿ ನನ್ನ ಬಣ್ಣ ಕಾಣುತ್ತಿತ್ತು. ಅತ್ತೆ ಕಾಡಿಗೆ ಡಬ್ಬಿ ತೆಗೆದು ಕೂಸಿನ ಕೆನ್ನೆಗೆ ಬೊಟ್ಟು ಇಟ್ಟರು, ಮೊದಲಿಗಿಂತ ದೊಡ್ಡದು. ಆಮೇಲೆ ಅದೇ ಬೆರಳಿನಿಂದ ನನ್ನ ಕೆನ್ನೆಗೂ ಒಂದು ಇಟ್ಟರು.