ಬ್ಲೇಡಿನ ಕೆಳಗೆ ಬೆಳಗಿನ ಮೊದಲ ಕೈ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪುಸ್ತಕ ಬೈಂಡಿಂಗ್ ಶೆಡ್ಡಿನ ಶಟರ್ ಅರ್ಧಕ್ಕೆ ಎತ್ತಿದೆ. ತಲೆ ಬಗ್ಗಿಸಿ ಒಳಗೆ ನುಗ್ಗಿದರೆ ಮೂಗಿಗೆ ಅಂಟಿನ ವಾಸನೆ, ಕಣ್ಣಿಗೆ ಆಳೆತ್ತರದ ಹಾಳೆಕಟ್ಟುಗಳು. ಅವುಗಳ ನಡುವೆ ಹಳೆಯದೊಂದು ಕಾಗದ ಕತ್ತರಿಸುವ ಯಂತ್ರ. ಎರಡು ಕಬ್ಬಿಣದ ಕಂಬ, ನಡುವೆ ಮೊಳಕ್ಕಿಂತ ಉದ್ದದ ಬ್ಲೇಡು, ಕೆಳಗೆ ನುಣ್ಣಗೆ ಸವೆದ ಮೇಜು, ಬುಡದಲ್ಲಿ ಕಾಲಿಂದ ಒತ್ತುವ ಪೆಡಲು. ಯಂತ್ರದ ಮುಂದೆ ನಿಂತ, ಐವತ್ತು ದಾಟಿದ ಹೆಂಗಸು ಏಪ್ರನ್ನಿನ ಜೇಬಿಗೆ ಕೈ ಹಾಕಿ ಇನ್ನೊಂದು ಕೈಯನ್ನು ಹೊರಗೆ ತೆಗೆಯುತ್ತಾರೆ.

ಗಾಬರಿ ಬೇಡ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಆಗಲೇ ಗಾಬರಿಯಾಗಿ ನಿಮ್ಮ ಪಾಲಿನದನ್ನೂ ಮುಗಿಸಿದ್ದೇನೆ. ಅದು ಬಟ್ಟೆಚೂರು ತುಂಬಿ ಹೊಲಿದ ಕೈಗವಸು. ಅದನ್ನು ಅಂಗೈ ಕೆಳಗಾಗಿ ಬ್ಲೇಡಿನ ನೇರಕ್ಕೆ ಇಟ್ಟು ಅವರು ಪೆಡಲು ಒತ್ತುತ್ತಾರೆ. ಮೋಟಾರು ಗುಂಯ್ ಅನ್ನುತ್ತದೆ, ಬ್ಲೇಡು ಮಾತ್ರ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಗವಸನ್ನು ತೆಗೆದು ಮತ್ತೆ ಒತ್ತಿದರೆ ಧಡ್! ಶೆಡ್ಡಿನ ನೆಲ ಅದುರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಒಮ್ಮೆ ಗವಸಿಟ್ಟು ನೋಡಿದ ಮೇಲೆ ಅವರು ಯಂತ್ರದ ಬೆನ್ನು ತಟ್ಟುತ್ತಾರೆ.

"ಆಯ್ತು. ಇವತ್ತಿಗೆ ಇದು ಸಾಧು ಪ್ರಾಣಿ."

ಇವರನ್ನು ಶೆಡ್ಡಿನಲ್ಲಿ ಎಲ್ಲರೂ ಕರೆಯುವುದು ಎಂಟಕ್ಕ ಅಂತ. ಕೈಯಲ್ಲಿ ಉಳಿದಿರುವ ಬೆರಳು ಎಂಟು, ಅದಕ್ಕೆ. ಯಂತ್ರದ ಎರಡು ಕಂಬಗಳ ಮೇಲೆ ರಟ್ಟಿನ ಕೊಳವೆ ಹೊದ್ದು ಕೂತಿರುವ ಪುಟ್ಟ ಕಣ್ಣುಗಳು ಅವರ ಸೃಷ್ಟಿ. ಒಂದು ಕಂಬದಿಂದ ಹೊರಟ ಬೆಳಕು ಇನ್ನೊಂದಕ್ಕೆ ತಲುಪುತ್ತಿದ್ದರೆ ಮಾತ್ರ ಬ್ಲೇಡು ಇಳಿಯುತ್ತದೆ. ನಡುವೆ ಕೈ ಬಂತೋ, ಪೆಡಲಿನ ಮೇಲೆ ಕುಣಿದರೂ ಇಳಿಯುವುದಿಲ್ಲ.

ಶಟರಿನ ಆಚೆ ಇನ್ನೊಬ್ಬ ಹೆಂಗಸು ನಿಂತಿದ್ದಾರೆ. ಏಪ್ರನ್ ಕಟ್ಟಿದ್ದಾರೆ, ತಲೆಗೆ ಬಟ್ಟೆ ಬಿಗಿದಿದ್ದಾರೆ, ಒಳಗೆ ಮಾತ್ರ ಬರುತ್ತಿಲ್ಲ. ಅವರು ಎಂಟಕ್ಕನ ಒಡಹುಟ್ಟಿದ ತಂಗಿ. ಹತ್ತು ವರ್ಷದ ಹಿಂದೆ ಇದೇ ಬ್ಲೇಡಿನಡಿ ಬೆರಳು ಕಳೆದುಕೊಂಡು ಹೊಲಿಗೆ ವಿಭಾಗ ಸೇರಿದವರು, ಇವತ್ತು ಮತ್ತೆ ಈ ಯಂತ್ರದ ಮುಂದೆ ನಿಲ್ಲಬೇಕು. ನಿಲ್ಲುತ್ತಾರೋ ತಿರುಗಿ ಹೋಗುತ್ತಾರೋ, ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಎಂಟಕ್ಕನಿಗಂತೂ ರಾತ್ರಿಯಿಡೀ ನಿದ್ದೆಯಿಲ್ಲ.

ನಿಮ್ಮ ಮನೆಯಲ್ಲಿರುವ ಯಾವ ಪುಸ್ತಕವನ್ನಾದರೂ ತೆಗೆದು ಅಂಚು ಸವರಿ ನೋಡಿ. ಮೂರೂ ಬದಿ ನುಣುಪಾಗಿರುತ್ತವೆ. ಬರೆದವರ ಹೆಸರು ಮುಂದಿರುತ್ತದೆ, ಅಚ್ಚು ಹಾಕಿದವರ ಹೆಸರು ಹಿಂದಿರುತ್ತದೆ. ಅಂಚು ಕತ್ತರಿಸಿದವರು ಎಲ್ಲಿಯೂ ಇರುವುದಿಲ್ಲ. ಈ ಶೆಡ್ಡಿನಲ್ಲಿ ದಿನಕ್ಕೆ ನಾಲ್ಕು ಸಾವಿರ ಪುಸ್ತಕ ಅಂಚು ಕತ್ತರಿಸಿಕೊಂಡು ಹೋಗುತ್ತವೆ. ಅಂದರೆ ಬ್ಲೇಡು ಸಾವಿರಕ್ಕೂ ಹೆಚ್ಚು ಸಲ ಇಳಿಯುತ್ತದೆ, ಪ್ರತಿ ಸಲವೂ ಅದರ ಹತ್ತಿರದಲ್ಲಿ ಯಾರದೋ ಕೈ ಇರುತ್ತದೆ. ಕೂಲಿ ಕಟ್ಟಿನ ಲೆಕ್ಕದಲ್ಲಿ. ಎಷ್ಟು ಕಟ್ಟು ಕತ್ತರಿಸಿದರೆ ಅಷ್ಟು ಕೂಲಿ. ಹಾಗಾಗಿ ಕೈಗಿಂತ ಕಾಲಿಗೆ ಅವಸರ.

ಎಂಟಕ್ಕ ಈ ಕೆಲಸಕ್ಕೆ ಬಂದಾಗ ಯಂತ್ರಕ್ಕೆ ಕಣ್ಣೂ ಇರಲಿಲ್ಲ, ಬೆಳಕೂ ಇರಲಿಲ್ಲ. ಶಾಲೆ ಪುಸ್ತಕಗಳ ಅವಸರದ ಒಂದು ದಿನ, ಓರೆಯಾಗಿದ್ದ ಹಾಳೆಯನ್ನು ಎಡಗೈ ಸರಿಮಾಡುತ್ತಿರುವಾಗ ಕಾಲು ತನ್ನ ಪಾಡಿಗೆ ತಾನು ಒತ್ತಿಬಿಟ್ಟಿತು.

"ನೋವು ಆಮೇಲೆ ಬಂತು ಮೇಡಂ. ಮೊದಲು ಬಂದಿದ್ದು ಸಿಟ್ಟು. ಮಿಷನ್ ಮೇಲಲ್ಲ, ನನ್ನ ಕಾಲಿನ ಮೇಲೆ. ನನ್ನದೇ ಕಾಲು ನನ್ನದೇ ಕೈನ ತಿಂದುಬಿಡ್ತಲ್ಲ!"

ಗಾಯ ಮಾಯ್ದು ವಾಪಸು ಬಂದಾಗ ಬೆನ್ನ ಹಿಂದೆ ಯಾರೋ "ಎಂಟುಬೆರಳಕ್ಕ ಬಂದ್ಲು" ಅಂದರಂತೆ. ಇವರು ತಿರುಗಿ ನಿಂತು, "ಎಂಟಕ್ಕ ಅಂದ್ರೆ ಸಾಕು. ಬೆರಳು ಅಂತ ಯಾಕೆ ಉದ್ದ ಮಾಡ್ತೀರಿ?" ಅಂದರಂತೆ. ಅಂದವರು ಅವತ್ತು ಊಟಕ್ಕೆ ಇವರ ಪಕ್ಕವೇ ಕೂತರು. ಹೆಸರು ಉಳಿದುಕೊಂಡಿತು.

ಯಜಮಾನರು ಇವರನ್ನು ಅಂಟು ಹಚ್ಚುವ ಕೆಲಸಕ್ಕೆ ಹಾಕಿದರು. ಸಂಜೆಯ ಹೊತ್ತು ಇವರು ಸೋದರಮಾವನ ರಿಪೇರಿ ಅಂಗಡಿಗೆ ಹೋಗಿ ಕೂರತೊಡಗಿದರು. ಮಾವನದು ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆ ಬಿಚ್ಚಿ ಸರಿಮಾಡುವ ಕಸುಬು.

"ಬೆಸುಗೆ ಹಾಕೋಕೆ ಎಷ್ಟು ಬೆರಳು ಬೇಕು ಮಾವ ಅಂತ ಕೇಳ್ದೆ. ಬೆರಳಲ್ಲಮ್ಮ, ತಾಳ್ಮೆ ಬೇಕು, ಅದು ನಿಂಗೆ ಹುಟ್ಟಿದಾಗಿಂದ್ಲೂ ಇಲ್ಲ ಅಂದ್ರು. ಅಷ್ಟಂದವರೇ ಕೈ ಹಿಡಿದು ಕಲಿಸಿದ್ರು."

ಅಲ್ಲಿ ಕಲಿತ ವಿದ್ಯೆಯಿಂದ ಎಂಟಕ್ಕ ಮೊದಲು ಮಾಡಿದ್ದು ಎರಡು ಗುಂಡಿ. ಪೆಡಲಿನ ಬದಲಿಗೆ ಮೇಜಿನ ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬ್ಲೇಡಿಗೆ ಸಿಗಲು ಮೂರನೆಯ ಕೈ ಎಲ್ಲಿಂದ ಬರಬೇಕು? ಯಜಮಾನರು ಒಪ್ಪಿದರು. ಎಂಟಕ್ಕ ನೆಮ್ಮದಿಯಿಂದ ಮಲಗಿದರು.

ಆದರೆ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಒಬ್ಬರು ಒಂದು ಗುಂಡಿಗೆ ರಟ್ಟು ಸಿಕ್ಕಿಸಿದರು. ಇನ್ನೊಬ್ಬರು ಮೊಣಕೈಯಲ್ಲಿ ಒತ್ತುವುದನ್ನು ಅಭ್ಯಾಸ ಮಾಡಿಕೊಂಡರು. ಕಾಗದ ಕತ್ತರಿಸುವವರಲ್ಲಿ ಶೆಡ್ಡಿನ ಅತಿ ವೇಗದ ಕಟರ್, ಅಡ್ಡಹೆಸರು ಗಾಳಿ, ಸೈಕಲ್ ಟ್ಯೂಬಿನ ತುಂಡಿನಿಂದ ಗುಂಡಿಯನ್ನು ಬಿಗಿದು ಶಿಳ್ಳೆ ಹಾಕಿಕೊಂಡು ಕೆಲಸ ಮಾಡಿದರು. ಎಂಟಕ್ಕ ದಿನಾ ಬಂದು ಬಿಚ್ಚುವುದು, ಬಯ್ಯುವುದು. ಅವರು ತಲೆಯಾಡಿಸಿ, ಆಕೆ ಅತ್ತ ಹೋದದ್ದೇ ತಡ, ಮತ್ತೆ ಕಟ್ಟುವುದು.

ತಂಗಿ ಆಗ ಗಾಳಿಗೆ ಸರಿಸಮ ಅನ್ನುವಂಥ ಕಟರ್. ಒಂದು ಮಧ್ಯಾಹ್ನ ಎಂಟಕ್ಕ ಅಂಟಿನ ಡಬ್ಬಿ ಎತ್ತಿಕೊಳ್ಳುತ್ತಿರುವಾಗ ಬ್ಲೇಡಿನ ಸದ್ದು, ಅದರ ಹಿಂದೆಯೇ ಚೀರಾಟ. ಓಡಿಹೋಗಿ ನೋಡಿದರೆ ತಂಗಿಯ ಬಲಗೈಯ ಕಿರುಬೆರಳು ಅರ್ಧ ಇಲ್ಲ. ಬಲಗಡೆಯ ಗುಂಡಿಗೆ ಬೈಂಡಿಂಗ್ ದಾರ ಸುತ್ತಿತ್ತು. ಗಂಟು ಹಾಕಿದ್ದು ತಂಗಿಯೇ.

"ಆಸ್ಪತ್ರೆಗೆ ಬಯ್ಯೋಕೆ ಅಂತಲೇ ಹೋಗಿದ್ದೆ ಮೇಡಂ. ಅವಳೇ ಮೊದಲು ಬಾಯಿ ತೆಗೆದ್ಲು. ಅಕ್ಕ, ಬಯ್ಯಬೇಡ, ನಿನ್ನ ಗುಂಡಿ ತುಂಬಾ ನಿಧಾನ ಕಣೇ ಅಂದ್ಲು." ಎಂಟಕ್ಕ ಮೇಜಿನ ಮೇಲಿನ ಕಾಗದದ ಚೂರು ಒರೆಸುತ್ತಾರೆ. "ಅವಳೇನು ಸುಳ್ಳು ಹೇಳ್ಲಿಲ್ಲ. ನಾನು ಕೈ ಉಳಿಸೋ ಸಾಮಾನು ಅಂತ ಮಾಡಿದ್ದೆ. ಅವರಿಗೆ ಅದು ಕೂಲಿ ಕಿತ್ಕೊಳ್ಳೋ ಸಾಮಾನಾಗಿ ಕಂಡಿತ್ತು. ಕೆಲಸ ಮಾಡೋರು ಕಟ್ಟಿ ಹಾಕ್ತಾರೆ ಅಂದ್ರೆ ಸಾಮಾನಿನಲ್ಲೇ ಏನೋ ಐಬಿದೆ ಅಂತ ಅರ್ಥ. ಅವರನ್ನ ಬೈದು ಏನು ಬಂತು?"

ಅವತ್ತಿಂದ ಹಟ ಹಿಡಿದರು. ಬರಿ ಕೈ ಉಳಿದರೆ ಸಾಲದು, ಕೆಲಸವೂ ಓಡಬೇಕು. ಪೆಡಲು ಬೇಕು, ವೇಗ ಬೇಕು, ಕಟ್ಟಿಹಾಕಲು ಮನಸ್ಸೇ ಬರಬಾರದು. ಹೇಗೆ ಅನ್ನುವುದು ತಲೆಗೆ ಹೊಳೆದದ್ದು ಒಂದು ಔಷಧಿ ಅಂಗಡಿಯ ಬಾಗಿಲಲ್ಲಿ. ಗಿರಾಕಿ ಕಾಲಿಟ್ಟ ಕೂಡಲೇ ಟಿಂಗ್ ಅನ್ನುವ ಗಂಟೆ. ಮುಟ್ಟುವುದು ಬೇಕಿಲ್ಲ, ಅಡ್ಡ ಹಾದರೆ ಸಾಕು. ತಂಗಿಯ ಮಾತ್ರೆಗೆಂದು ಹೋದವರು ಒಳಗೊಮ್ಮೆ, ಹೊರಗೊಮ್ಮೆ ಹೋಗಿ ಬಂದು ಟಿಂಗ್ ಟಿಂಗ್ ಅನ್ನಿಸುತ್ತಲೇ ಇದ್ದರಂತೆ. ಅಂಗಡಿಯವರು ಕೈ ಮುಗಿದು, "ತಾಯಿ, ಒಳಗೆ ಬರ್ತೀರೋ ಹೊರಗೆ ಹೋಗ್ತೀರೋ, ಒಂದು ತೀರ್ಮಾನಕ್ಕೆ ಬನ್ನಿ" ಅಂದರಂತೆ. ಇದನ್ನು ಹೇಳುವಾಗ ಎಂಟಕ್ಕನಿಗೆ ನಗು ತಡೆಯುವುದಿಲ್ಲ. ಕೊನೆಗೆ ಮಾತ್ರೆ ತರುವುದನ್ನೇ ಮರೆತು ಮನೆಗೆ ಬಂದಿದ್ದರು.

ಗಂಟೆ ಬಾರಿಸುವ ಕಣ್ಣು ಬ್ಲೇಡನ್ನು ಯಾಕೆ ತಡೆಯಬಾರದು? ಕೇಳಲು ಸುಲಭ. ಮಾಡಲು ಹೋದರೆ ನಾಲ್ಕು ವರ್ಷ ಹಿಡಿಯಿತು. ಕಾಗದದ ಧೂಳು ಕೂತು ಕಣ್ಣು ಮಂಜಾಗುತ್ತಿತ್ತು. ಇಳಿಹೊತ್ತಿನಲ್ಲಿ ಕಿಟಕಿಯ ಬಿಸಿಲು ನೇರ ಬಡಿದು ಅದಕ್ಕೆ ದಿಕ್ಕೇ ತೋಚುತ್ತಿರಲಿಲ್ಲ, ಯಂತ್ರ ನಿಂತುಬಿಡುತ್ತಿತ್ತು. "ಎಂಟಕ್ಕನ ಮಿಷನ್‌ಗೆ ಸಂಜೆ ಟೀ ಆಗ್ಬೇಕು" ಅಂತ ಶೆಡ್ಡಿನವರು ಆಡಿಕೊಂಡರು. ಪ್ರಯೋಗಕ್ಕೆ ಇಡುತ್ತಿದ್ದ ಗವಸುಗಳು ಒಂದಾದ ಮೇಲೊಂದು ತುಂಡಾದವು. ಅವೆಲ್ಲ ಇವತ್ತಿಗೂ ಒಂದು ತಗಡಿನ ಡಬ್ಬಿಯಲ್ಲಿವೆ. ಮುಚ್ಚಳ ತೆಗೆದು ತೋರಿಸಿದರು. ನನಗೆ ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಆ ಗವಸುಗಳನ್ನು ಹೊಲಿದುಕೊಟ್ಟದ್ದು ತಂಗಿ. ಹೊಲಿಗೆ ವಿಭಾಗದಲ್ಲಿ ಕೂತು, ಯಂತ್ರದತ್ತ ತಲೆಯೆತ್ತಿಯೂ ನೋಡದೆ, ಗವಸು ತುಂಡಾದಾಗೆಲ್ಲ ಇನ್ನೊಂದು ಹೊಲಿದುಕೊಟ್ಟರು. "ತುಂಡಾಯ್ತಾ? ತಗೋ ಇನ್ನೊಂದು" ಅನ್ನುವುದು ಬಿಟ್ಟರೆ ಆ ವಿಷಯವಾಗಿ ಅಕ್ಕತಂಗಿಯರ ನಡುವೆ ಬೇರೆ ಮಾತಿರಲಿಲ್ಲ.

ಬಿಸಿಲಿಗೆ ಮದ್ದಾಗಿ ಕಣ್ಣಿಗೆ ರಟ್ಟಿನ ಕೊಳವೆ ಬಂತು. ಧೂಳಿಗೆ, ಹಿಂಡಿದರೆ ಗಾಳಿಯೂದುವ ಹಳೆಯ ಪ್ಲಾಸ್ಟಿಕ್ ಬಾಟಲಿ. ಎಷ್ಟೇ ಒರೆಸಿದರೂ ಒಂದಲ್ಲ ಒಂದು ದಿನ ಕಣ್ಣು ಕೆಡಬಹುದಲ್ಲ ಅಂದೆ. "ಕೆಟ್ಟರೆ ಬ್ಲೇಡು ನಿಲ್ಲುತ್ತೆ. ಹಂಗೇ ವೈರ್ ಹಾಕಿದೀನಿ. ಕಣ್ಣು ಕಾಣದೇ ಇದ್ದೋರು ಕೈಕಟ್ಟಿ ಕೂರಬೇಕು, ಕತ್ತಿ ಬೀಸಬಾರದು" ಅಂದರು.

ಇಷ್ಟಾದರೂ ಜನ ವೈರು ಕಿತ್ತುಹಾಕುವುದಿಲ್ಲ ಅಂತ ಏನು ಗ್ಯಾರಂಟಿ? ನನಗೆ ಇವರ ತಲೆ ಮೆಚ್ಚುಗೆಯಾದದ್ದು ಇಲ್ಲಿ. ಕಣ್ಣಿನ ಜತೆಗೆ ಅವರು ಒಂದು ದೀಪವನ್ನೂ ಕೂಡಿಸಿದರು. ಬ್ಲೇಡು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲಿ, ಕಾಗದದ ಮೇಲೆ ಸಣ್ಣ ಬೆಳಕಿನ ಗೆರೆ. ಮುಂಚೆ ಅಳತೆಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಬೇಕಿತ್ತು. ಈಗ ಕಟ್ಟನ್ನು ಗೆರೆಗೆ ಸರಿಸಿದರೆ ಮುಗಿಯಿತು, ಕೆಲಸ ಮೊದಲಿಗಿಂತ ಚುರುಕು. ಕಣ್ಣಿನ ವೈರು ಕಿತ್ತರೆ ಗೆರೆಯೂ ಮಾಯ!

"ಮಕ್ಕಳಿಗೆ ಬೆಲ್ಲದಲ್ಲಿ ಕಹಿಗುಳಿಗೆ ಇಟ್ಟು ನುಂಗಿಸ್ತೀವಲ್ಲ, ಹಂಗೆ" ಅಂತ ಎಂಟಕ್ಕ ಕಣ್ಣು ಮಿಟುಕಿಸುತ್ತಾರೆ.

ಮೊದಲು ನುಂಗಿದವರು ಗಾಳಿಯೇ. "ನನ್ನ ಕೈಗೇ ಕಣ್ಣಿದೆ, ಮಿಷನ್‌ಗೆ ಯಾಕೆ ಅಂತ ಹಾರಾಡ್ತಿದ್ದೆ," ಅನ್ನುತ್ತಾರೆ ಅವರು. "ಆದ್ರೆ ವಯಸ್ಸಾಯ್ತಲ್ಲ, ಪೆನ್ಸಿಲ್ ಗುರುತು ಕಾಣ್ತಾ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಈ ಗೆರೆ ಬಂದ್ಮೇಲೆ ಇನ್ನಷ್ಟು ವರ್ಷ ದುಡಿದೆ. ಒಂದೆರಡು ಸಲ ಕೈ ಅಡ್ಡ ಹೋಗಿ ಬ್ಲೇಡು ಅರ್ಧದಾರೀಲಿ ನಿಂತಿದ್ದೂ ಉಂಟು. ಎಂಟಕ್ಕನಿಗೆ ಹೇಳ್ಬೇಡಿ." ಎಂಟಕ್ಕ ಪಕ್ಕದಲ್ಲೇ ನಿಂತಿದ್ದರು.

ಈಗ ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಶೆಡ್ಡುಗಳ ಹಳೆಯ ಯಂತ್ರಗಳಿಗೆ ಎಂಟಕ್ಕನ ಕಣ್ಣಿದೆ. ಅಳವಡಿಸಿ ಕೊಡುವಾಗ ಒಂದು ಗವಸನ್ನೂ ಕೊಟ್ಟು, ದಿನಾ ಬೆಳಗ್ಗೆ ಬ್ಲೇಡಿನ ಕೆಳಗೆ ಮೊದಲು ಇದರ ಕೈ, ಆಮೇಲೆ ನಿಮ್ಮದು ಅಂತ ಮಾತು ತೆಗೆದುಕೊಂಡು ಬರುತ್ತಾರೆ. ದೊಡ್ಡ ದೊಡ್ಡ ಹೊಸ ಯಂತ್ರಗಳಲ್ಲಿ ಇಂಥದ್ದು ಮೊದಲಿನಿಂದಲೂ ಇದೆಯಂತಲ್ಲ ಅಂತ ಕೆಣಕಿದೆ. "ಇರ್ಲಿ ಬಿಡಿ. ಸೈಕಲ್ಲನ್ನ ಬೇರೆ ಯಾರೋ ಕಂಡುಹಿಡಿದಿದಾರೆ ಅಂತ ನಾನು ನಡ್ಕೊಂಡೇ ಹೋಗ್ಬೇಕಾ? ಹಳೇ ಮಿಷನ್ನಿನ ಮುಂದೆ ನಿಲ್ಲೋರಿಗೂ ಕೈ ಇದೆಯಲ್ಲ" ಅಂದರು.

ಇಂಥವರ ಸುದ್ದಿ ನಮಗೆ ಸಿಗುವುದಿಲ್ಲ. ಸೇತುವೆ ಕಟ್ಟಿದರೆ ಫೋಟೋ ತೆಗೆಯಬಹುದು, ಬಿದ್ದರೆ ಇನ್ನೂ ದೊಡ್ಡ ಫೋಟೋ. ಆಗದೇ ಹೋದ ಅನಾಹುತದ ಫೋಟೋ ತೆಗೆಯುವುದು ಹೇಗೆ? ಸಂಜೆ ಶೆಡ್ಡಿನಿಂದ ಮನೆಗೆ ಹೋಗುವ ಕೈಗಳನ್ನು ಯಾರೂ ಎಣಿಸುವುದಿಲ್ಲ.

ಬೆಳಗಿನ ಬಿಸಿಲು ಶಟರಿನಡಿ ನುಸುಳುತ್ತಿದೆ. ಗಾಳಿಗೆ ಇನ್ನು ದುಡಿಯಲು ಆಗುವುದಿಲ್ಲ, ಇದು ಅವರ ಕೊನೆಯ ವಾರ. ಆ ಜಾಗ ತನಗೆ ಬೇಕು ಅಂತ ಕೇಳಿದ್ದು ತಂಗಿಯೇ. "ಹೊಲಿಗೆ ಬರುತ್ತೆ, ಆದ್ರೆ ನನ್ನ ಕಸುಬು ಅದಲ್ಲ. ಹೆದರಿಕೊಂಡು ಬಿಟ್ಟಿದ್ದು, ಬೇಡ ಅಂತ ಬಿಟ್ಟಿದ್ದಲ್ಲ" ಅಂತ ನಿನ್ನೆ ನನಗೆ ಹೇಳಿದ್ದರು. ಈಗ ಅವರು ಶಟರಿನಡಿ ಬಗ್ಗಿ ಒಳಗೆ ಬರುತ್ತಾರೆ. ಯಂತ್ರದಿಂದ ಎರಡು ಮಾರು ದೂರದಲ್ಲಿ ನಿಲ್ಲುತ್ತಾರೆ.

"ನೋಡಿದ್ಯಾ ಅಕ್ಕ?"

"ಮೂರು ಸಲ ನೋಡ್ದೆ."

"ನಾನು ನೋಡ್ಲಿಲ್ಲ."

ಎಂಟಕ್ಕ ಗವಸು ಕೊಡುತ್ತಾರೆ. ತಂಗಿ ಅದನ್ನು ಬ್ಲೇಡಿನ ಕೆಳಗಿಟ್ಟು ಕೈ ಹಿಂದಕ್ಕೆಳೆದು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. ಕಾಲು ಪೆಡಲಿನ ಮೇಲಿದೆ, ಒತ್ತುತ್ತಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಏನೋ ಕೆಲಸ ಮಾಡುವವರಂತೆ ನಟಿಸುತ್ತಿದ್ದಾರೆ. ಗಾಳಿ ಗೋಡೆಯತ್ತ ತಿರುಗಿ ನಿಂತಿದ್ದಾರೆ. ಎಂಟಕ್ಕನ ಎಂಟೂ ಬೆರಳು ಬಿಗಿಯಾಗಿ ಮುಷ್ಟಿಯಾಗಿವೆ.

ಕಾಲು ಒತ್ತುತ್ತದೆ. ಗುಂಯ್. ಬ್ಲೇಡು ಇಳಿಯುವುದಿಲ್ಲ. ಗವಸನ್ನು ಅತ್ತಿತ್ತ ಸರಿಸಿ ಮತ್ತೊಮ್ಮೆ, ಇನ್ನೊಮ್ಮೆ, ಮಗದೊಮ್ಮೆ. ಎಷ್ಟು ಸಲ ಅಂತ ನಾನು ಎಣಿಸುವುದನ್ನು ಬಿಟ್ಟೆ. ಕೊನೆಗೆ ತಂಗಿ ಗವಸನ್ನು ತೆಗೆದು ಅಕ್ಕನ ಕೈಗಿಡುತ್ತಾರೆ.

"ಇದು ನಿಧಾನ ಇಲ್ಲ ತಾನೆ?"

"ನನಗಿಂತ ನಿಧಾನ ಆದ್ರೆ ಮಿಷನ್ನನ್ನ ಬೈಬೇಡ, ನಿನ್ನ ಕಾಲನ್ನ ಬೈಕೋ!" ಗೋಡೆಯ ಕಡೆಯಿಂದ ಗಾಳಿ ಕೂಗುತ್ತಾರೆ. ಶೆಡ್ಡಿಗೆ ಶೆಡ್ಡೇ ನಗುತ್ತದೆ.

ತಂಗಿ ಕಟ್ಟನ್ನು ಎಳೆದು ಬೆಳಕಿನ ಗೆರೆಗೆ ಸರಿಸುತ್ತಾರೆ. ಕೈ ಹೊರಗೆ, ಕಾಲು ಕೆಳಗೆ. ಧಡ್! ತುಂಡಾದ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿ, ಕಟ್ಟು ತಿರುಗಿಸುತ್ತಾರೆ. ಧಡ್. ಹತ್ತನೆಯ ಕಟ್ಟಿನ ಹೊತ್ತಿಗೆ ಅವರ ಭುಜ ಸಡಿಲವಾಗಿದೆ.

"ಹಿಂದೆ ನಿಂತ್ಕೊಂಡು ಕಾಯಬೇಡ ಹೋಗಕ್ಕ. ಕೈ ಓಡಲ್ಲ."

ಎಂಟಕ್ಕ ಮೂಲೆಯ ಸ್ಟೂಲಿಗೆ ಬಂದು ಕೂರುತ್ತಾರೆ. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ, ಮುಚ್ಚಿಟ್ಟುಕೊಳ್ಳುವುದಿಲ್ಲ. "ಹತ್ತು ವರ್ಷ ಮೇಡಂ. ಅವಳ ಬೆರಳಿಗೆ ನಾನೇ ಹೊಣೆ ಅಂತ ಅನ್ಕೊಂಡೇ ಬದುಕಿದೀನಿ" ಅನ್ನುತ್ತಾರೆ. ಇನ್ನೇನು ಆಸೆ ಇದೆ ನಿಮಗೆ ಅಂತ ಕೇಳುತ್ತೇನೆ. ಅವರು ಗವಸನ್ನು ತೊಡೆಯ ಮೇಲೆ ಹರಡುತ್ತಾರೆ. ಎಣ್ಣೆಯ ಕಲೆ ಹಿಡಿದು ಕಪ್ಪಾಗಿದೆ, ಐದು ಬೆರಳೂ ಇವೆ.

"ಇದಕ್ಕೆ ಆರು ವರ್ಷ ಆಯ್ತು. ನೋಡಿ, ಹೆಬ್ಬೆರಳ ಹತ್ರ ಹೊಲಿಗೆ ಬಿಡ್ತಾ ಇದೆ. ಇದು ಹಿಂಗೇ ಹಳೇದಾಗಿ ಹರೀಬೇಕು. ಎಲ್ಲ ಶೆಡ್ಡಿನ ಗವಸೂ ಹಿಂಗೇ ಹರೀಬೇಕು. ಅಷ್ಟೇ." ಆಮೇಲೆ ಯಂತ್ರದತ್ತ ದನಿಯೆತ್ತಿ, "ಲೇ, ಸಂಜೆ ಇದಕ್ಕೆ ಎರಡು ಹೊಲಿಗೆ ಹಾಕ್ಕೊಡೇ!" ಅಂತ ಕೂಗುತ್ತಾರೆ.

ತಂಗಿ ತಿರುಗಿ ನೋಡುವುದಿಲ್ಲ. ಗೆರೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳುತ್ತಾರೆ: "ಹೊಲಿಗೆಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅಕ್ಕ. ನಾನೀಗ ಕಟರ್."

ಎಂಟಕ್ಕ ಸೂಜಿ ಹುಡುಕಿಕೊಂಡು, ತಾವೇ ದಾರ ಪೋಣಿಸಲು ಕೂರುತ್ತಾರೆ.