ಮೇಲ್ಮೈಯ ಸುತ್ತ ಹಾಕಿದ ಕುಣಿಕೆಗಳು

ಹುಣಸೂರಿನ ಕಾಲೇಜೊಂದರಲ್ಲಿ ನಾನು ಗಣಿತದ ಅಧ್ಯಾಪಕಿ. ಮನೆ ಕಟ್ಟೆಮಳಲವಾಡಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಪಿಎಚ್.ಡಿ.ಗೆ ಸೇರಿದ ಮೇಲೆ ರಜೆ ಸಿಕ್ಕಾಗಲೆಲ್ಲ ಮೈಸೂರಿನ ಬಸ್ಸು ಹತ್ತುತ್ತಿದ್ದೆ. ಒಂದು ಭಾನುವಾರ ಪಡಸಾಲೆಯಲ್ಲಿ ಹೊಗೆಸೊಪ್ಪು ಕಟ್ಟುತ್ತ ಕೂತಿದ್ದ ಅತ್ತಿಗೆ ಕೇಳಿದರು.

"ಅದೇನ್ ಓದ್ತಿದ್ದೀಯವ್ವ ಇಷ್ಟ್ ದಿನದಿಂದ? ನಮ್ಗೂ ಒಸಿ ಏಳು."

ನಾನು ಅವರ ಕೈಯಲ್ಲಿದ್ದ ದಾರವನ್ನೇ ತೆಗೆದುಕೊಂಡು ಕಂಬಕ್ಕೆ ಸುತ್ತಿ ತುದಿಗಳನ್ನು ಗಂಟು ಹಾಕಿದೆ.

"ಕತ್ತರಿಸ್ದೆ ಇದನ್ನ ಈಚೆಗೆ ತೆಗೀರಿ ನೋಡನ."

"ಅದೆಂಗಾದದು? ಕಂಬ ಸೂರ್ಗಂಟ ಐತಲ್ಲ."

"ಆಗಲ್ಲ. ಒಂದು ಮೇಲ್ಮೈ ಸುತ್ತ ಇಂಥ ಕುಣಿಕೆ ಎಷ್ಟು ಥರ ಹಾಕ್ಬೋದು, ಒಂದಾದ್ಮೇಲೊಂದು ಹಾಕಿದ್ರೆ ಏನಾಯ್ತದೆ, ಅದೇ ನಾನು ಓದೋದು."

"ಇದುಕ್ಕೆ ಮೈಸೂರ್ಗಂಟ ಓಗ್ಬೇಕಾ ಬುಡು!" ಎಂದು ನಕ್ಕರು. ನಾನೂ ನಕ್ಕೆ.

ಅವರಿಗೆ ಹೇಳದೆ ಬಿಟ್ಟದ್ದು ಇಷ್ಟು. ಸಮೀಕರಣದಿಂದ ಹುಟ್ಟುವ ಮೇಲ್ಮೈ ಎಲ್ಲ ಕಡೆ ನುಣುಪಾಗಿದ್ದರೆ ಅದರ ಕುಣಿಕೆಗಳ ಕಥೆ ಬೇಗ ಮುಗಿಯುತ್ತದೆ. ಮೇಲ್ಮೈ ತನ್ನನ್ನೇ ನೇರವಾಗಿ ಅಡ್ಡ ಹಾಯುವ ಕಡೆ ಎರಡು ಕುಣಿಕೆಗಳಲ್ಲಿ ಯಾವುದನ್ನು ಮೊದಲು ಹಾಕಿದರೂ ಒಂದೇ. ಚೂಪಾಗಿ ಮಡಿಸಿಕೊಂಡ ಕಡೆ ಮಾತ್ರ ಮೊದಲು ಯಾವುದು ಎಂಬುದು ಮುಖ್ಯವಾಗಬಹುದು. ನಾನು ಹಿಡಿದ ಮೇಲ್ಮೈಯಲ್ಲಿ ಅಂಥ ಚೂಪುಗಳಿದ್ದವು. ಕುಣಿಕೆಗಳು ಪಾಲಿಸಬೇಕಾದ ನಿಯಮಗಳನ್ನೆಲ್ಲ, ಅಂದರೆ ಯಾವ ಸಾಲಿನಲ್ಲಿ ಹಾಕಿದ್ದು ಯಾವ ಸಾಲಿನಲ್ಲಿ ಹಾಕಿದ್ದಕ್ಕೆ ಸಮ ಎಂಬುದನ್ನೆಲ್ಲ, ಲೆಕ್ಕ ಮಾಡಿ ತೆಗೆದಿದ್ದೆ. ಕ್ರಮ ಮುಖ್ಯ ಎಂದು ನನಗೆ ಖಾತ್ರಿಯಾಗಿತ್ತು.

ನನ್ನ ಗೈಡ್ ಒಪ್ಪಲಿಲ್ಲ. ನಿಯಮಗಳ ಹಾಳೆ ನೋಡಿ, "ನಿಯಮಗಳೇನೋ ಸರಿಯಾಗಿವೆಯಮ್ಮ. ಆದರೆ ಇವನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ. ಕೊನೆಗೆ ಕ್ರಮದ ಪ್ರಶ್ನೆಯೇ ಉಳಿಯೋದಿಲ್ಲ" ಎಂದರು.

ಹಲವು ವಾರ ಸೇರಿಸಿದೆ. ಪ್ರಶ್ನೆ ಉಳಿದೇ ಇತ್ತು. ಆದರೆ ನನ್ನಿಂದ ಅಳಿಸಲಾಗಲಿಲ್ಲ ಎಂಬುದು ಸಾಕ್ಷಿಯಲ್ಲ. ಅವರು ಇನ್ನೂ ಸ್ವಲ್ಪ ಪ್ರಯತ್ನಿಸಿ ಎನ್ನುತ್ತಿದ್ದರು ಅಷ್ಟೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪರೀಕ್ಷೆ ಪೇಪರು ತಿದ್ದುತ್ತಿದ್ದಾಗ ದಾರಿ ಹೊಳೆಯಿತು. ನಿಯಮಗಳನ್ನು ಕರಗಿಸುವುದು ಬಿಟ್ಟು, ಅವೆಲ್ಲವನ್ನೂ ಪಾಲಿಸಿಯೂ ಕ್ರಮ ಬದಲಿಸಿದರೆ ಫಲ ಬೇರೆಯಾಗುವ ಯಾವುದಾದರೂ ಒಂದು ಉದಾಹರಣೆ ತೋರಿಸಿದರೆ ಸಾಕಲ್ಲ! ನಿಯಮಗಳಿಂದಲೇ ಕ್ರಮ ಅಳಿಯುವಂತಿದ್ದರೆ ಅಲ್ಲೂ ಅಳಿಯಲೇಬೇಕು. ಪೇಪರು ಅಲ್ಲೇ ಬಿಟ್ಟು ಲೆಕ್ಕಕ್ಕೆ ಕೂತೆ. ಒಂದೊಂದೇ ನಿಯಮ ಪರೀಕ್ಷಿಸಿದೆ. ಒಂದೂ ತಪ್ಪಲಿಲ್ಲ.

ಮುಂದಿನ ರಜೆಗೆ ಮೈಸೂರಿಗೆ ಹೋದವಳು ಗೈಡ್ ಮೇಜಿನ ಮೇಲೆ ಮೂರು ಲೋಟಗಳನ್ನು ಸಾಲಾಗಿ ಇಟ್ಟೆ: ಒಂದರಲ್ಲಿ ಕಾಫಿ, ಒಂದರಲ್ಲಿ ಟೀ, ಒಂದರಲ್ಲಿ ನೀರು.

"ಸರ್, ಒಂದು ಥರದ ಕುಣಿಕೆ ಅಂದರೆ ಮೊದಲಿನ ಎರಡು ಲೋಟ ಅದಲುಬದಲು. ಇನ್ನೊಂದು ಥರದ್ದು ಅಂದರೆ ಕೊನೆಯ ಎರಡು. ನನ್ನ ಎಲ್ಲ ನಿಯಮವೂ ಇದಕ್ಕೆ ಒಪ್ಪುತ್ತೆ. ನೀವೇ ಮಾಡಿ ನೋಡಿ."

ಅವರು ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ನಿಯಮಕ್ಕೂ ಲೋಟ ಸರಿಸಿದರು. ಆಮೇಲೆ ಮೊದಲಿನೆರಡು, ಕೊನೆಯೆರಡು ಅದಲುಬದಲು ಮಾಡಿ ಕಾಫಿ ಎಲ್ಲಿಗೆ ಬಂತೆಂದು ನೋಡಿಕೊಂಡರು. ಲೋಟಗಳನ್ನು ಹಿಂದಿನಂತೆ ಇಟ್ಟು ಕೊನೆಯೆರಡು, ಮೊದಲಿನೆರಡು. ಕಾಫಿ ಬೇರೆ ಕಡೆ ಬಂದು ಕೂತಿತ್ತು.

"ಕ್ರಮ ಉಳೀತು. ನೀವು ಹೇಳಿದ್ದೇ ಸರಿ ಕಣಮ್ಮ," ಎಂದು ಆರಿದ ಕಾಫಿಯನ್ನೇ ಎತ್ತಿ ಕುಡಿದರು. "ಬರೆದುಬಿಡಿ."

ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇ ಅನುಮಾನ ಎತ್ತಿದರು. ನಾನು ಬೋರ್ಡಿನ ಮುಂದೆ ನಿಂತು ನಿಧಾನವಾಗಿ ಉತ್ತರಿಸಿದೆ.

ಈಗ ಸರಗೂರಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ರಜಾದಿನ ಬಸ್ಸಿನಲ್ಲಿ ಬರುತ್ತಾಳೆ. ಇಬ್ಬರೂ ಇನ್ನೂ ಹೆಚ್ಚು ಚೂಪುಗಳಿರುವ ಮೇಲ್ಮೈಯೊಂದನ್ನು ಹಿಡಿದಿದ್ದೇವೆ. ನಿಯಮಗಳು ಅರ್ಧ ಸಿಕ್ಕಿವೆ. ಉಳಿದದ್ದೂ ಸಿಗುತ್ತದೆ.