ಅತ್ತೆಯೇ ನೋಡಿಕೊಳ್ಳುತ್ತಾಳೆ

ಬೇಸಿಗೆ ಬಂತೆಂದರೆ ಜಹೀರಾಬಾದಿನ ನಮ್ಮ ಎರಡು ಕೋಣೆಯ ಸಂಸ್ಥೆಗೆ ಮಾವಿನಹಣ್ಣಿಗಿಂತ ಮೊದಲು ಇಂಟರ್ನ್‌ಗಳು ಬರುತ್ತಾರೆ. ತಮ್ಮ ವಿದ್ಯಾರ್ಥಿಗಳಿಗೆ ಆರು ವಾರ ಹಳ್ಳಿಯ ಬದುಕು ತೋರಿಸಲು ಹೈದರಾಬಾದಿನ ಕಾಲೇಜುಗಳು ನಮ್ಮನ್ನು ಆರಿಸಿಕೊಂಡಿವೆ. ಹೆದ್ದಾರಿಗೆ ಹತ್ತಿಕೊಂಡು, ಎದುರಿಗೆ ಎರಡು ಮೊಬೈಲ್ ಅಂಗಡಿ, ಬಗಲಿಗೊಂದು ಬಿರಿಯಾನಿ ಹೋಟೆಲು ಇಟ್ಟುಕೊಂಡಿರುವ ನಮ್ಮ ಕಚೇರಿ ಹಳ್ಳಿ ಹೇಗಾಯಿತೆಂದು ನಾನು ಕೇಳಲು ಹೋಗಿಲ್ಲ. ಬರುವಾಗ ಅವರು ಟೋಪಿ, ನೀರಿನ ಬಾಟಲಿ ಮತ್ತು ನಮ್ಮನ್ನು ಉದ್ಧರಿಸುವ ಉತ್ಸಾಹ ತರುತ್ತಾರೆ. ಹೋಗುವಾಗ ಸರ್ಟಿಫಿಕೇಟು ಒಯ್ಯುತ್ತಾರೆ. ನಡುವೆ ಅವರ ಮೊಬೈಲುಗಳಿಗೆ ಪ್ಲಗ್ ಹುಡುಕಿಕೊಡುವುದು ಮೇಲ್ವಿಚಾರಕಿಯಾದ ನನ್ನ ಕೆಲಸ.

ನಾರಾಯಣಖೇಡದಲ್ಲಿ ನಮ್ಮದೊಂದು ಹೊಲಿಗೆ ಕೇಂದ್ರವಿದೆ. ಅಲ್ಲಿಗೆ ಹೋದ ಒಬ್ಬ ಮಹಾಶಯ ಹೆಂಗಸರಿಗೆ ಸಮಯವನ್ನು ಹೇಗೆ ಬಳಸಬೇಕೆಂದು ಎರಡು ತಾಸು ಪಾಠ ಮಾಡಿದ. ಮನೆಯಲ್ಲಿ ರೊಟ್ಟಿ ಬಡಿದು, ಹೊಲದಲ್ಲಿ ಕಳೆ ಕಿತ್ತು ಬಂದಿದ್ದ ಆ ಹೆಂಗಸರು ಪಾಠ ಕೇಳುತ್ತಲೇ ಅವತ್ತಿನ ಕುಪ್ಪಸಗಳನ್ನೆಲ್ಲ ಹೊಲಿದು ಮುಗಿಸಿದರು. ಮರುದಿನ ಆತ ಹನ್ನೊಂದು ಗಂಟೆಗೆ ಎದ್ದ.

ಹೀಗಾಗಿ ಹೋದ ಬೇಸಿಗೆ ಬಂದ ಹುಡುಗಿಯನ್ನು ಕಂಡು ನನಗೆ ನಿಜಕ್ಕೂ ಖುಷಿಯಾಯಿತು. ಅವಳ ಅಜ್ಜಿ ನಮ್ಮಂತೆಯೇ ಗಡಿಯ ಕನ್ನಡದವಳು, ಇಲ್ಲೇ ಹತ್ತಿರದ ರಾಯಿಕೋಡ್ ಕಡೆಯವಳಂತೆ. ತಡವರಿಸಿದರೂ ಕನ್ನಡ ಬರುತ್ತಿತ್ತು. ಕೊಟ್ಟ ರೊಟ್ಟಿ ತಿನ್ನುತ್ತಿದ್ದಳು, ಬೇಗ ಏಳುತ್ತಿದ್ದಳು. ಇಷ್ಟು ಸದ್ಗುಣ ಒಬ್ಬಳಲ್ಲೇ ಕಂಡಾಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವಳನ್ನು ತಾಂಡೂರಿಗೆ ಕಳಿಸಿದೆ.

ತಾಂಡೂರಿನಲ್ಲಿ, ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಸಾಲಿನ ತುದಿಗೆ ನಮ್ಮ ಕೂಸಿನ ಕೋಣೆ ಇದೆ. ತಾಯಂದಿರು ಚಪ್ಪಡಿ ಹೊರಲು, ಉಜ್ಜಲು ಹೋದಾಗ ಅವರ ಕೂಸುಗಳನ್ನು ಒಬ್ಬ ಆಯಾ ನೋಡಿಕೊಳ್ಳುತ್ತಾಳೆ. ಮೊದಲು ಈ ಕೂಸುಗಳು ಯಂತ್ರದ ಪಕ್ಕದಲ್ಲೇ, ಕಲ್ಲಿನ ರಾಡಿಯಲ್ಲಿ ಆಡುತ್ತಿದ್ದವು. ಒಂದು ಕೂಸಿನ ಕಾಲು ಚಪ್ಪಡಿಯ ಕೆಳಗೆ ಸಿಕ್ಕು ಎರಡು ಬೆರಳು ಹೋದ ಮೇಲೆ ನಾವು ಆ ಕೋಣೆ ತೆರೆದೆವು. ಅದನ್ನು ನಡೆಸುವ ಖರ್ಚು ದೂರದ ಒಂದು ಟ್ರಸ್ಟಿನದು. ಪ್ರತಿ ವರ್ಷ ಅವರಿಗೊಂದು ವರದಿ ಬೇಕು. ಅದನ್ನು ಬರೆಯಲೆಂದೇ ಹುಡುಗಿ ಹೋದದ್ದು.

ಅವಳ ಪ್ರಶ್ನೆ ಸರಳವಾಗಿತ್ತು. ನೀವು ದುಡಿಯಲು ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಯಾವಾಗ ಹೋಗಿ ಕೇಳಲಿ ಅಂದಾಗ ನಾನು ಅನುಭವದ ಗತ್ತಿನಲ್ಲಿ, "ಸಂಜೀಕ ಮನಿಗೇ ಹೋಗು. ಎಲ್ಲರೂ ಸಿಗ್ತಾರ, ಚಾ ಭೀ ಸಿಗ್ತದ" ಎಂದೆ. ಚಹಾ ಸಿಕ್ಕಿತು. ಪ್ರತಿ ಮನೆಯಲ್ಲೂ ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು, ಸೊಸೆ ಸೆರಗು ಹೊದ್ದು ಹಿಂದೆ ನಿಂತಿದ್ದಳು. ಪ್ರತಿ ಸೊಸೆಯೂ ಹೇಳಿದ್ದು ಒಂದೇ ಮಾತು: "ನಮ್ಮ ಅತ್ತೀನೇ ನೋಡ್ಕೋತಾಳ್ರಿ."

ನಮ್ಮ ಕಡೆ ಅತ್ತೆಯ ಎದುರು, ಅದೂ ಪರವೂರಿನವರ ಮುಂದೆ, ಯಾವ ಸೊಸೆಯೂ ಬೇರೆ ಉತ್ತರ ಕೊಡುವುದಿಲ್ಲ. ಕೊಟ್ಟರೆ ಹಿರಿಯಳು ಮೊಮ್ಮಗನನ್ನು ಬಿಟ್ಟು ತಿರುಗುತ್ತಾಳೆ ಎಂದಂತಾಗುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅಡುಗೆ ಯಾರದೆಂದು ನೆಂಟರು ಕೇಳಿದಾಗಲೆಲ್ಲ ನಾನೂ ನಮ್ಮ ಅತ್ತೆಯದೇ ಅನ್ನುತ್ತಿದ್ದೆ. ಆಕೆ ಒಲೆಯ ಮುಖ ನೋಡಿ ವರ್ಷಗಳಾಗಿದ್ದವು. ಆದರೆ ಮೇಲ್ವಿಚಾರಕಿಯಾದವಳಿಗೆ ಇಂಥ ಸಣ್ಣಪುಟ್ಟ ಸಂಗತಿ ನೆನಪಿರಬೇಕೆಂದು ಎಲ್ಲಿದೆ?

ವರದಿ ಬಂತು. ನಲವತ್ತು ಪುಟ, ಇಂಗ್ಲಿಷು, ನುಣುಪು ಕಾಗದ. ನಡುವೆ ಒಂದು ಬಣ್ಣದ ಚಕ್ರ. ಮುಕ್ಕಾಲಿಗೂ ಮಿಕ್ಕಿ ಹಸಿರು. ಹಸಿರು ಒಳ್ಳೆಯ ಬಣ್ಣವಲ್ಲವೇ? ನಾನು ಸೈ ಮಾಡಿ, ಠಸ್ಸೆ ಒತ್ತಿ, ಇಂಥ ಕೆಲಸ ನಮ್ಮಲ್ಲಿ ಈವರೆಗೆ ಆಗಿಲ್ಲವೆಂದು ಒಂದು ಪತ್ರವನ್ನೂ ಲಗತ್ತಿಸಿ ಕಳಿಸಿದೆ. ಆ ಹಸಿರು, ಮಗುವನ್ನು ಅಜ್ಜಿಯೇ ನೋಡಿಕೊಳ್ಳುವ ಮನೆಗಳ ಲೆಕ್ಕವೆಂದು ನನಗೆ ತಿಳಿದದ್ದು ಟ್ರಸ್ಟಿನ ಉತ್ತರ ಬಂದ ಮೇಲೆ. ಅವರು ನಮ್ಮನ್ನು ಬಹಳ ಹೊಗಳಿದ್ದರು. ನಿಮ್ಮ ಅಧ್ಯಯನದ ಪ್ರಕಾರವೇ ಅಲ್ಲಿನ ಕುಟುಂಬಗಳು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿವೆ, ಆದ್ದರಿಂದ ಮೂರು ತಿಂಗಳ ನಂತರ ಕೋಣೆ ಬೇಕಿಲ್ಲ. ಬದಲಿಗೆ ಅಜ್ಜಿಯರಿಗೆ ಶಿಶುಪಾಲನೆಯ ಒಂದು ದಿನದ ತರಬೇತಿ ಕೊಡೋಣ ಎಂದು ಬರೆದಿದ್ದರು.

ಎಂಟು ಹತ್ತು ಮಕ್ಕಳನ್ನು ಹೆತ್ತು ಸಾಕಿದವರಿಗೆ ತರಬೇತಿ! ಆ ಕ್ಷಣ ನನಗೆ ನಗು ಬರಲಿಲ್ಲ. ರಾಡಿಯಲ್ಲಿ ಕೂತ ಕೂಸುಗಳು ಕಣ್ಣ ಮುಂದೆ ಬಂದವು. ಎಲ್ಲ ದೊಡ್ಡ ಮನುಷ್ಯರು ಮಾಡುವಂತೆ ನಾನೂ ಮೊದಲು ಚಿಕ್ಕವರ ಮೇಲೆ ಹರಿಹಾಯ್ದೆ. ಹುಡುಗಿಗೆ ಫೋನ್ ಹಚ್ಚಿ, ಕೋಣೆಗೆ ನೀನೇ ಬೀಗ ಹಾಕಿಸಿದಿ ಅಂದೆ, ಇನ್ನೂ ಏನೇನೋ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡು ಅಂದಳು:

"ಆಂಟಿ, ಅವರು ಹೇಳಿದ್ದೇ ನಾನು ಬರ್ದೀನಿ. ನೀವು ಓದಿ ಸೈ ಮಾಡೀರಿ ಅಲ್ಲ?"

ಓದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಮೂರನೇ ದಿನ ಅವಳು ರೈಲು ಹಿಡಿದು ತಾಂಡೂರಿಗೆ ಬಂದಳು. ಈ ಸಲ ಸರ್ಟಿಫಿಕೇಟು ಇಲ್ಲ, ಅಂಕವೂ ಇಲ್ಲ, ಕ್ಲಾಸು ಬೇರೆ ತಪ್ಪಿತ್ತು. ಒಂದು ವಾರ ಮುಂಜಾನೆ ಕೋಣೆಯ ಬಾಗಿಲಲ್ಲಿ ಕೂತಳು. ಯಾರನ್ನೂ ಏನೂ ಕೇಳಲಿಲ್ಲ. ಕೂಸನ್ನು ಯಾರು ತಂದು ಬಿಟ್ಟರು, ಆಮೇಲೆ ಎಲ್ಲಿಗೆ ಹೋದರು ಎಂದಷ್ಟೇ ಬರೆದಳು. ಹೆಚ್ಚಿನ ಕೂಸುಗಳನ್ನು ತಂದು ಬಿಡುತ್ತಿದ್ದದ್ದು ಅಜ್ಜಿಯರೇ. ಬಿಟ್ಟವರೇ ಪಕ್ಕದ ಶೆಡ್ಡಿಗೆ ಕಲ್ಲು ಉಜ್ಜಲು ಹೋಗುತ್ತಿದ್ದರು. ಎರಡೇ ಪುಟದ ಆ ಬರಹವನ್ನು ಟ್ರಸ್ಟಿಗೆ ಕಳಿಸಿದೆವು. ನಿಮ್ಮ ಎರಡು ವರದಿಗಳು ಒಂದಕ್ಕೊಂದು ಹೊಂದುತ್ತಿಲ್ಲ, ಪರಿಶೀಲನೆಗೆ ನಮ್ಮ ಅಧಿಕಾರಿ ಬರುತ್ತಾರೆ ಎಂದು ಉತ್ತರ ಬಂತು.

ಮುಂಜಾನೆ ಎಂಟಕ್ಕೆ, ಕೋಣೆಯಲ್ಲೇ ಭೇಟಿ ಎಂದು ನಾನು ಜಾಣತನದಿಂದ ನಿಗದಿ ಮಾಡಿದೆ. ಹುಡುಗಿಯೂ ಬಂದಳು. ಅಧಿಕಾರಿ ಬಂದದ್ದು ಸಂಜೆ ಐದಕ್ಕೆ. ಕೋಣೆ ಖಾಲಿಯಾಗಿತ್ತು. ಪರವಾಗಿಲ್ಲ, ಮನೆಗಳಿಗೇ ಹೋಗೋಣ ಎಂದರು. ಮತ್ತದೇ ಚಹಾ, ಅದೇ ಹೊಸ್ತಿಲು. ಮೊದಲ ಮೂರು ಮನೆಯಲ್ಲೂ ಅತ್ತೆಯೇ ನೋಡಿಕೊಳ್ಳುತ್ತಾಳೆ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು.

ನಾಲ್ಕನೆಯದು, ಬೆರಳು ಕಳೆದುಕೊಂಡ ಕೂಸಿನ ಮನೆ. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಅದರ ತಂಗಿ ನಮ್ಮ ಕೋಣೆಗೆ ಬರುತ್ತದೆ. ಅಧಿಕಾರಿ ಪ್ರಶ್ನೆ ಕೇಳಿದರು. ಸೊಸೆ ಸೆರಗು ಎಳೆದುಕೊಂಡು, "ನಮ್ಮ ಅತ್ತೀನೇ" ಎಂದು ಶುರು ಮಾಡಿದಳು. ನನ್ನ ಪಕ್ಕದಲ್ಲಿದ್ದ ಹುಡುಗಿ ತಡೆಯಲಾರದೆ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜೀ, ನೀವು ಹಿಂಗ ಅಂದ್ರ ಕೋಣೆ ಬಂದ್ ಮಾಡ್ತಾರ."

ಮುದುಕಿ ಅವಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಒಳಗಿದ್ದ ಮೊಮ್ಮಗನನ್ನು ಕರೆದು, ಅವನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಇವನ್ನ ನಾನೇ ನೋಡ್ಕೊಂಡಿದ್ದೆ. ಒಂದ್ ಕಣ್ಣ ಕಲ್ಲಿನ ಮ್ಯಾಲ, ಒಂದ್ ಕಣ್ಣ ಇವನ ಮ್ಯಾಲ. ಬೆರಳ ಹೋತು. ಇವನ ತಂಗೀನ್ನ ನಾ ನೋಡ್ಕೊಂಡಿಲ್ಲ, ಆ ಆಯಾ ನೋಡ್ಕೊಂಡಾಳ. ಅದರ ಹತ್ತೂ ಬೆರಳ ಅವ. ಬರ್ಕೊ."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಅತ್ತೆ ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ನನಗೂ ಅಳು ಬಂತು, ಬಂದದ್ದನ್ನು ಯಾಕೆ ಮುಚ್ಚಿಡಲಿ? ಸುದ್ದಿ ಓಣಿಯಲ್ಲಿ ನಮಗಿಂತ ಮುಂದೆ ಓಡಿತು. ಐದನೇ ಮನೆಯಿಂದ ಅಜ್ಜಿಯರೇ ಬಾಯಿ ತೆರೆದರು. ಕೋಣೆ ಇವತ್ತಿಗೂ ನಡೆಯುತ್ತಿದೆ.

ಆದರೆ ಆ ಸಂಜೆ ಇನ್ನೊಂದು ಮಾತು ಬಾಕಿ ಇತ್ತು. ಆ ನಾಲ್ಕನೇ ಮನೆಯಲ್ಲೇ ಅಧಿಕಾರಿ ಬರೆದು ಮುಗಿಸಿ, ಹೆಬ್ಬೆಟ್ಟು ಒತ್ತಲೆಂದು ಕಾಗದವನ್ನು ಮುದುಕಿಯ ಮುಂದೆ ಹಿಡಿದಿದ್ದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅಕ್ಷರ ಗೊತ್ತಿಲ್ಲದ ಆಕೆ ಹುಡುಗಿಯ ಕಡೆ ತಿರುಗಿ, "ಏನ್ ಬರ್ದಾರ, ಮೊದಲ ಓದಿ ಹೇಳವ್ವ. ತಿಳೀದೆ ನಾ ಯಾಕ ಒತ್ತಲಿ?" ಅಂದಳು.

ಹುಡುಗಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ.